ಮಾನಮ್ಮನ ಕಾಲ ಬಾವು

ದೋರನಹಳ್ಳಿಗೆ ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದವು. ಸಸಿ ಹಚ್ಚುವ ಹೆಣ್ಣಾಳುಗಳಲ್ಲಿ ಮಾನಮ್ಮನ ಕೈ ಮುಂದು, ಕೈಗಿಂತ ಬಾಯಿ ಮುಂದು. ಅವಳಿದ್ದಲ್ಲಿ ನಗೆ ನಿಲ್ಲುತ್ತಿರಲಿಲ್ಲ. ದಮ್ಮು ಮೊದಲಿಂದಲೂ ಇತ್ತು. ಕೆಮ್ಮಿ, ಉಗಿದು, ಮತ್ತೆ ಬಗ್ಗುತ್ತಿದ್ದಳು.

ಆ ವರ್ಷ ಅವಳ ಕಾಲು ಬಾತವು. ಬೆರಳಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು.

“ಕಾಲುವಿ ನೀರು ಬಡದದ,” ಅಂದಳು ಜತೆಯಾಳು ಶೇಖಮ್ಮ. ದಿನವೆಲ್ಲ ಕೆಸರಲ್ಲಿ ನಿಂತವರ ಕಾಲು ಕೆಡುವುದು ಊರಿಗೆಲ್ಲ ಗೊತ್ತಿತ್ತು. ಗಂಡ ದ್ಯಾವಪ್ಪ ಅದನ್ನೇ ಹಿಡಿದ.

“ಇನ್ನ ನೀರಾಗ ಇಳಿಬ್ಯಾಡ. ಮನ್ಯಾಗ ಕುಂತು ಎಲ್ಲಾರ ಬುತ್ತಿ ಕಟ್ಟು.”

ತಂಡದಲ್ಲಿ ಒಬ್ಬಳು ಮನೆಯಲ್ಲಿ ಉಳಿದು ಎಲ್ಲರಿಗೂ ರೊಟ್ಟಿ ಬಡಿಯುವುದು, ಉಳಿದವರು ಅವಳಿಗೂ ಕೂಲಿಯಲ್ಲಿ ಪಾಲು ಕೊಡುವುದು ರೂಢಿ. ದ್ಯಾವಪ್ಪ ಪ್ರೀತಿಯಿಂದಲೇ ಅಂದಿದ್ದ, ಅದರಲ್ಲಿ ಎರಡು ಮಾತಿಲ್ಲ.

ಒಂದೇ ಕೋಣೆಯ ಮನೆ, ಕಿಟಕಿ ಇಲ್ಲ. ನಸುಕಿನಿಂದ ಬಿಸಿಲೇರುವ ತನಕ ಒಲೆಗೆ ಹತ್ತಿಗಿಡದ ಕಟಗಿ ತುರುಕುತ್ತ, ಊದುತ್ತ ಕುಳಿತಳು. ಬೇವಿನ ನೀರು, ಉಪ್ಪಿನ ಶಾಖ, ಔಡಲ ಎಲೆ, ಯಾವುದಕ್ಕೂ ಬಾವು ಜಗ್ಗಲಿಲ್ಲ. ಕೆಸರು ಬಿಟ್ಟು ಎರಡು ಹಂಗಾಮು ಕಳೆದರೂ ಅದು ಮೊಣಕಾಲಿಗೇರಿತು. ತುಟಿ ನೀಲಿಗಟ್ಟಿತು. ಮಾನಮ್ಮ ಮಾತೇ ಬಿಟ್ಟಳು. ದುಃಖ ಅಂತಲೂ ಇರಲಿಲ್ಲ. ಯಾರದೋ ಮೈ ತಾನು ಕಾಯುತ್ತಿರುವಂತೆ ಅನಿಸುತ್ತಿತ್ತು.

ಕೊನೆಗೆ ಗುಲಬರ್ಗಾಕ್ಕೆ ಒಯ್ದರು. ಡಾಕ್ಟರು ಎದೆಯ ಮೇಲೆ ಯಂತ್ರ ಆಡಿಸಿ ನೋಡಿದರು.

“ಇದು ಕಾಲಿನ ರೋಗ ಅಲ್ಲ. ಹೊಗಿ ಕುಡದು ಕುಡದು ಶ್ವಾಸಕೋಶ ಕೆಟ್ಟದ. ಅದರೊಳಗಿನ ರಕ್ತನಾಳದಾಗ ಒತ್ತಡ ಏರ್ಯದ. ಅಷ್ಟು ಒತ್ತಡಕ್ಕ ರಕ್ತ ದೂಡಿ ಹೃದಯದ ಬಲಭಾಗ ಸೋತದ. ಅದಕ್ಕ ಕಾಲಿಗೆ ನೀರು ಇಳದದ.”

“ಕಾಲುವಿ ನೀರಿಂದಲ್ಲೇನ್ರಿ ಸಾಹೇಬ್ರ?” ದ್ಯಾವಪ್ಪನ ದನಿ ಸಣ್ಣಗಾಗಿತ್ತು.

“ಅಲ್ಲಪ್ಪ. ಗುಳಿಗಿ ಕೊಡ್ತೀನಿ, ಬಾವು ಇಳೀತದ. ಕೆಟ್ಟದ್ದು ತಿರುಗಿ ಸುದ್ದ ಆಗಂಗಿಲ್ಲ. ಇನ್ನೂ ಒಲಿ ಮುಂದ ಕುಂತ್ರ ಆಕಿ ಉಳಿಯಂಗಿಲ್ಲ.”

“ಸಸಿ ಹಚ್ಚಾಕ ಹೋಗಬಹುದೇನ್ರಿ?” ಮಾನಮ್ಮ ಕೇಳಿದಳು. ಅವಳಿಗೆ ಬೇಕಿದ್ದದ್ದು ಅದೊಂದೇ.

“ಬಗ್ಗಿ ದುಡಿಯೋ ದಮ್ಮು ಉಳದಿಲ್ಲವ್ವಾ.”

“ಹೂಂ,” ಅಂದಳು. ಅಲ್ಲ, ಯಾರನ್ನು ಬೈಯುವುದು? ಏನೂ ಮಾಡದ ನೀರಿನಿಂದ ಎಬ್ಬಿಸಿ ತಂದು, ಕೊಲ್ಲುವ ಬೆಂಕಿಯ ಮುಂದೆ ಕೂರಿಸಿದವನು ಅವಳ ಕೈಹಿಡಿದೇ ಬಸ್ಸು ಹತ್ತಿಸಿದ.

ಮನೆಗೆ ಬಂದು ದ್ಯಾವಪ್ಪ ಅವಳನ್ನು ಅಂಗಳದ ಹೊರಸಿನ ಮೇಲೆ ಕೂರಿಸಿ ತಾನೇ ಒಲೆ ಹಚ್ಚಲು ಹೋದ. ಹುಟ್ಟಿದಂದಿನಿಂದ ಒಲೆಯ ಮುಂದೆ ಕೂತವನಲ್ಲ. ಸ್ವಲ್ಪ ಹೊತ್ತಿಗೇ ಕೆಮ್ಮುತ್ತ, ಕಣ್ಣು ಮೂಗು ಸೋರುತ್ತ ಹೊರಗೆ ಓಡಿಬಂದು ಗೋಡೆ ಹಿಡಿದು ನಿಂತ.

“ದಿನಾ ಇಷ್ಟ ಹೊಗಿ ಇರ್ತಿತ್ತೇನ?”

ಮಾನಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

“ಇದಕ್ಕಿಂತ ಹೆಚ್ಚ,” ಅಂದಳು. “ಇವತ್ತ ಕಟಗಿ ಒಣಗ್ಯಾವ.”