ಓಕ್ ಮರಗಳ ಕೆಳಗೆ ದ್ರಾಕ್ಷಾಯಿಣಿಯ ಮಂದೆ

ಕೆನಡಾಕ್ಕೆ ಬಂದು ಮೂವತ್ತೇಳು ವರ್ಷವಾದರೂ ದ್ರಾಕ್ಷಾಯಿಣಿ ಒಂದು ಕುರಿಯ ಮೈ ಮುಟ್ಟಿರಲಿಲ್ಲ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿ, ರಾಣೆಬೆನ್ನೂರಿನ ಸುತ್ತಲ ಹಳ್ಳಿಗಳಲ್ಲಿ ಎರಡು ವರ್ಷ ದನಕರುಗಳಿಗೆ ಮದ್ದು ಮಾಡಿ, ಮದುವೆಯಾಗಿ ಟೊರಾಂಟೊಗೆ ಬಂದವರು ಆಕೆ. ಇಲ್ಲಿ ಮತ್ತೆ ಡಾಕ್ಟರಾಗಲು ಮೊದಲಿನಿಂದ ಪರೀಕ್ಷೆ ಬರೆಯಬೇಕಿತ್ತು. ಅಷ್ಟರಲ್ಲಿ ಮಕ್ಕಳಿಬ್ಬರು ಹುಟ್ಟಿದರು. ಹಾಲು ಪರೀಕ್ಷಿಸುವ ಲ್ಯಾಬಿನಲ್ಲಿ ಸಿಕ್ಕ ಕೆಲಸದಲ್ಲೇ ರಿಟೈರ್ ಆದರು.

ರಿಟೈರಾದ ಮೂರನೇ ವಾರ ಗಂಡ ಸದಾಶಿವ ಹಳೆಯ ಪರಿಚಯದವನೊಬ್ಬನ ಜೊತೆ ಕಾಫಿ ಕುಡಿದು ಬಂದು ಒಂದು ಸುದ್ದಿ ಹೇಳಿದರು. ಅವರು ಸೇತುವೆಗಳ ಎಂಜಿನಿಯರ್ ಆಗಿದ್ದಾಗ ಕಾಂಕ್ರೀಟ್ ಹಾಕಿಸುತ್ತಿದ್ದ ಕಂಟ್ರಾಕ್ಟರ್ ಬ್ರೂನೊನಿಗೆ ಟೊರಾಂಟೊದ ಹೊರಗಿನ ಕ್ಲೈನ್‌ಬರ್ಗಿನ ಉತ್ತರಕ್ಕೆ ಇಪ್ಪತ್ತು ಎಕರೆ ನೆಲವಿತ್ತು. ಅದರ ಅರ್ಧದಲ್ಲಿ ಹಳೆಯ ಓಕ್ ಮರಗಳು, ಅವುಗಳ ಕೆಳಗೆ ಮನುಷ್ಯನೆತ್ತರದ ಮುಳ್ಳುಪೊದೆ. ಬ್ರೂನೊ ಮರ, ಮುಳ್ಳು ಎರಡನ್ನೂ ಬುಲ್‌ಡೋಜರಿನಿಂದ ಸವರಿ ಮೆಕ್ಕೆಜೋಳ ಹಾಕುವವನಿದ್ದ.

"ನನ್ನ ಕರಕೊಂಡು ಹೋಗ್ರಿ, ನೋಡೂಣು," ಎಂದರು ದ್ರಾಕ್ಷಾಯಿಣಿ.

"ನೋಡಿ ಏನ್ ಮಾಡ್ತಿ?"

"ಮೊದಲ ನೋಡ್ತೀನಿ. ಆಮ್ಯಾಲೆ ಹೇಳ್ತೀನಿ."

ಬ್ರೂನೊನ ಜೊತೆ ಬೇಲಿಯಾಚೆ ನಿಂತು ಆಕೆ ತುಂಬ ಹೊತ್ತು ನೋಡಿದರು. ಅರವತ್ತಕ್ಕೂ ಹೆಚ್ಚು ಓಕ್ ಮರಗಳಿದ್ದವು, ಎಲ್ಲವೂ ಮುದಿ. ಒಂದೇ ಒಂದು ಎಳೆ ಸಸಿ ಇರಲಿಲ್ಲ. ಉದುರಿದ ಕಾಯಿ ಮೊಳೆತರೂ ಪೊದೆಯ ಕತ್ತಲಲ್ಲಿ ಸಾಯುತ್ತಿದ್ದವು. ಆಕೆ ಬ್ರೂನೊನ ಕಡೆ ತಿರುಗಿ, ತನಗೆ ಮೂರು ವರ್ಷ ಕೊಡಬೇಕು, ಮುಳ್ಳನ್ನು ಆಡುಗಳಿಂದ ತಿನ್ನಿಸುತ್ತೇನೆ, ಮರಗಳ ನಡುವೆ ಹುಲ್ಲು ಬರಿಸಿ ಕುರಿ ಮೇಯಿಸುತ್ತೇನೆ, ಆಗದಿದ್ದರೆ ಬುಲ್‌ಡೋಜರ್ ತರಲಿ ಎಂದರು. ಬ್ರೂನೊ ನಕ್ಕುಬಿಟ್ಟ. "ಈ ಮುಳ್ಳಿನೊಳಗೆ ಮೊಲ ಕೂಡ ನುಗ್ಗೋದಿಲ್ಲ, ಮೇಡಂ. ಆದರೆ ನಿಮ್ಮ ಗಂಡ ನನ್ನ ಕೆಲಸದಲ್ಲಿ ಎಂದೂ ತಪ್ಪು ಲೆಕ್ಕ ಬರೆದವರಲ್ಲ. ಮೂರು ವರ್ಷ ತಗೊಳ್ಳಿ."

ಅವರ ಮನೆಯಿದ್ದ ಥಾರ್ನ್‌ಹಿಲ್ಲಿನ ಗೆಳತಿಯರು ಹಿಂದೆ ಆಡಿಕೊಂಡರು, ಮುಂದೆಯೂ ಕೇಳಿದರು. ಉಷಾ ಅಂತೂ ನೇರವಾಗಿ, "ಈ ಏಜಲ್ಲಿ ಆಡು ಕಾಯೋದಾ, ಎಲ್ಲರ ಹಾಗೆ ಚಳಿಗಾಲಕ್ಕೆ ಫ್ಲೋರಿಡಾಗೆ ಹೋಗ್ಬಾರ್ದಾ?" ಎಂದರು. ದ್ರಾಕ್ಷಾಯಿಣಿ ಇಪ್ಪತ್ತೆರಡು ಆಡು ಕೊಂಡರು. ಸೋಲಾರಿನಲ್ಲಿ ನಡೆಯುವ ಕರೆಂಟಿನ ಬಲೆಬೇಲಿಯೊಳಗೆ ಅವನ್ನು ಕೂಡಿ, ಮೂರು ದಿನಕ್ಕೊಮ್ಮೆ ಬೇಲಿ ಕಿತ್ತು ಮುಂದಕ್ಕೆ ನೆಟ್ಟರು. ಆಡುಗಳು ಹಿಂಗಾಲ ಮೇಲೆ ನಿಂತು ಪೊದೆಯನ್ನು ಬೋಳು ಮಾಡಿದವು. ಮತ್ತೆ ಚಿಗುರಿದಾಗ ಮತ್ತೆ ಬಂದು ತಿಂದವು. ಉಳಿದ ಬೊಡ್ಡೆಗಳನ್ನು ಸದಾಶಿವ ಗರಗಸ ಹಿಡಿದು ಕತ್ತರಿಸಿದರು. ಎರಡನೇ ಬೇಸಿಗೆಗೆ ಮರಗಳ ಕೆಳಗೆ ಬಿಸಿಲು ಬಿತ್ತು, ಬಿತ್ತಿದ ಹುಲ್ಲು ಮೊಣಕಾಲು ಮುಟ್ಟಿತು. ಉಣ್ಣೆಗೆಂದು ಮೂವತ್ತು ಕುರಿ ಬಂದವು.

ಸೆಪ್ಟೆಂಬರಿನಲ್ಲಿ ಎರಡು ದಿನ ಜೋರು ಗಾಳಿ ಬೀಸಿತು. ಮೂರನೇ ಬೆಳಿಗ್ಗೆ ಎರಡು ಕುರಿಗಳು ಬೇಲಿಯ ಮೂಲೆಯಲ್ಲಿ ತಲೆ ಜೋಲು ಹಾಕಿ ನಿಂತಿದ್ದವು. ಮೇವು ಬೇಡ, ನೀರು ಮಾತ್ರ ಬೇಕು. ಆಕೆ ಮಂಡಿಯೂರಿ ಹೊಟ್ಟೆ ಮುಟ್ಟಿದರು, ಬಾಯಿ ತೆರೆದು ನೋಡಿದರು. ಹಲ್ಲಿನ ಸಂದಿಯಲ್ಲಿ ಹಸಿರು ಸಿಪ್ಪೆಯ ಚೂರು. ಗಾಳಿಗೆ ಉದುರಿದ ಎಳೆಯ ಓಕ್ ಕಾಯಿ. ಅದರ ಒಗರು ಕುರಿಯ ಮೂತ್ರಪಿಂಡವನ್ನು ಕೆಡಿಸುತ್ತದೆಂದು ನಲವತ್ತು ವರ್ಷದ ಹಿಂದೆ ಓದಿದ್ದು, ಪುಟದ ಸಮೇತ ಕಣ್ಣ ಮುಂದೆ ಬಂತು.

"ರೀ, ಎಲ್ಲಾ ಕುರಿ ಬಯಲಿಗೆ ಹೊಡೀರಿ. ಒಂದೂ ಮರದ ಕೆಳಗ ಇರಬಾರದು. ಒಣಹುಲ್ಲು ಹಾಕ್ರಿ, ನೀರಿಡ್ರಿ."

ಆಕೆ ಫೋನಿನಲ್ಲೇ ತನ್ನ ಓದು, ರೋಗದ ಕಾರಣ ಎರಡನ್ನೂ ತಿಳಿಸಿ ಕರೆಸಿದ್ದ ಅಲ್ಲಿನ ಪಶುವೈದ್ಯ ರಂಜಿತ್, ಹತ್ತಿರದ ಬ್ರಾಂಪ್ಟನ್ನಿನ ಪಂಜಾಬಿ ಯುವಕ, ಬರುವಷ್ಟರಲ್ಲಿ ಮಂದೆಯೆಲ್ಲ ಬಯಲಿನಲ್ಲಿತ್ತು. ಆತ ಪರೀಕ್ಷಿಸಿ, ಡ್ರಿಪ್ ಹಾಕಿ ಎದ್ದು ನಿಂತ. "ಇನ್ನೊಂದು ದಿನ ಅಲ್ಲೇ ಬಿಟ್ಟಿದ್ದರೆ ಹತ್ತು ಹೋಗುತ್ತಿದ್ದವು. ನೀವು ಹೇಳಿದ್ದು ಸರಿ, ಡಾಕ್ಟರ್." ದ್ರಾಕ್ಷಾಯಿಣಿ ಡ್ರಿಪ್ಪಿನ ಬಾಟಲಿಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು. ಈ ದೇಶದಲ್ಲಿ ಆ ಹೆಸರಿನಿಂದ ಅವರನ್ನು ಯಾರೂ ಕರೆದಿರಲಿಲ್ಲ. ಐದನೇ ದಿನ ಎರಡೂ ಕುರಿಗಳು ಮೇವಿಗೆ ಬಾಯಿ ಹಾಕಿದವು.

ಆದರೆ ಕಾಯಿ ಪ್ರತಿ ವರ್ಷ ಉದುರುತ್ತದಲ್ಲ. ಓಕ್ ಕಾಯಿಯನ್ನು ಕಷ್ಟವಿಲ್ಲದೆ ಅರಗಿಸಿಕೊಳ್ಳುವ ಪ್ರಾಣಿ ಹಂದಿ ಎಂದು ದ್ರಾಕ್ಷಾಯಿಣಿಗೆ ಗೊತ್ತಿತ್ತು. ಪಕ್ಕದ ಹೊಲದವನ ಬಳಿ ಎಂಟು ಹಂದಿಗಳಿದ್ದವು, ಕಾಯಿ ತಿನ್ನಿಸಲು ಅವನ್ನು ಕೇಳಿ ತರಿಸಿದರು.

"ದಾಕ್ಷಿ, ನಮ್ಮ ಮನ್ಯಾಗ ಯಾರಿಗೂ ಹೇಳಬ್ಯಾಡ," ಎಂದರು ಸದಾಶಿವ.

"ಯಾಕ್ರಿ? ಅವು ತಿನ್ನಾಕ ಬರತಾವ, ನಾವು ಅವನ್ನ ತಿನ್ನಾಕ ಹೊಂಟಿಲ್ಲ."

ಅಂದಿನಿಂದ ಪ್ರತಿ ಶರತ್ಕಾಲದಲ್ಲಿ ಮೊದಲು ಹಂದಿಗಳು, ಅವು ಕಾಯಿ ಮುಗಿಸಿದ ಮೇಲೆ ಕುರಿಗಳು ಎಂಬ ಸರದಿ ನಿಂತಿತು. ಯಾರೂ ಲೆಕ್ಕ ಹಾಕದಿದ್ದ ಇನ್ನೊಂದು ಕೆಲಸವೂ ಆಯಿತು. ಹಂದಿಗಳು ಮೂತಿಯಿಂದ ನೆಲ ಕೆದರುವಾಗ ಒಂದಷ್ಟು ಕಾಯಿ ಮಣ್ಣಿನೊಳಗೆ ಸೇರಿಕೊಂಡವು.

ಮೂರನೇ ವರ್ಷದ ಮೇ ತಿಂಗಳಲ್ಲಿ ಬೇಲಿ ಎಳೆಯುತ್ತಿದ್ದ ಸದಾಶಿವ ಥಟ್ಟನೆ ನಿಂತರು. "ಇಲ್ಲಿ ಬಾ. ಕಾಲಿಡಬ್ಯಾಡ, ನೋಡಿ ಬಾ." ಹುಲ್ಲಿನ ನಡುವೆ ಗೇಣುದ್ದದ ಓಕ್ ಸಸಿ, ನಾಲ್ಕು ಎಲೆ. ಅದರಾಚೆ ಇನ್ನೊಂದು, ಇನ್ನೂ ಆಚೆ ಮೂರು. ಇಬ್ಬರೂ ಎರಡು ದಿನ ಬಗ್ಗಿ ನಡೆದು ಗುರುತಿನ ಕಡ್ಡಿ ನೆಟ್ಟರು. ಇನ್ನೂರ ಹದಿನಾರು. ಸೊಂಟ ಹಿಡಿದರೂ ಸದಾಶಿವ ಪ್ರತಿಯೊಂದಕ್ಕೂ ತಾವೇ ತಂತಿಯ ಗೂಡು ಸುತ್ತಿದರು. ಸೇತುವೆ ಕಟ್ಟಿದಷ್ಟೇ ಅಚ್ಚುಕಟ್ಟಾಗಿ.

ಜೂನಿನಲ್ಲಿ ಸುತ್ತಲಿನ ನಲವತ್ತು ರೈತರು ನೋಡಲು ಬಂದರು. ರಂಜಿತ್ ಕರೆತಂದಿದ್ದ. ಉಷಾ ಕೂಡ ಗೆಳತಿಯರನ್ನು ಕಟ್ಟಿಕೊಂಡು, ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ಹೊತ್ತು ಬಂದಿದ್ದರು. ದ್ರಾಕ್ಷಾಯಿಣಿ ಮಣ್ಣು ಮೆತ್ತಿದ ಬೂಟಿನಲ್ಲೇ ಮುಂದೆ ನಡೆದು, ಎಲ್ಲಿ ಎಷ್ಟು ದಿನ ಮೇಯಿಸಬೇಕು, ಯಾವಾಗ ಮರದ ಕೆಳಗಿಂದ ಎಬ್ಬಿಸಬೇಕು ಎಂದು ಎರಡು ತಾಸು ಹೇಳಿದರು. ಕೇಳಿದ ಯಾವ ಪ್ರಶ್ನೆಗೂ ತಡವರಿಸಲಿಲ್ಲ.

ಎಲ್ಲರೂ ಹೋದ ಮೇಲೆ ಬ್ರೂನೊ ಟ್ರಕ್ಕಿನ ಬಾನೆಟ್ಟಿನ ಮೇಲೆ ಕಾಗದ ಹರವಿದ. ನೆಲವನ್ನು ಇನ್ನೂ ಹತ್ತು ವರ್ಷ ಆಕೆಗೇ ಬಿಡುವ ಕರಾರು.

"ಹತ್ತು ವರ್ಷಕ್ಕೆ ಈ ಸಸಿಗಳು ಕುರಿಯ ಬಾಯಿಗೆ ಎಟುಕದಷ್ಟು ಬೆಳೆದರೆ ಹೆಚ್ಚು," ಎಂದರು ದ್ರಾಕ್ಷಾಯಿಣಿ. "ಇಪ್ಪತ್ತು ಬರೆಯಿರಿ."

ಬ್ರೂನೊ ಆಕೆಯ ನರೆತ ತಲೆ ನೋಡಿದ, ಮರಗಳನ್ನು ನೋಡಿದ. ಹತ್ತನ್ನು ಹೊಡೆದು ಇಪ್ಪತ್ತು ಬರೆದ. ಆಕೆ ಸಹಿ ಹಾಕಿ ಪೆನ್ನನ್ನು ಗಂಡನಿಗೆ ಕೊಟ್ಟರು.