ಮೇಣದೊಳಗೆ ಉಳಿದ ಗಂಟು

ನನ್ನ ಗಂಡನ ಕುತ್ತಿಗೆಯಲ್ಲಿ ಗಂಟು ಎದ್ದಾಗ ನಾವು ನಮ್ಮ ಹಳ್ಳಿ ಸಿಂಗಾಪುರದಲ್ಲಿ ಹೂಕೋಸು ಬೆಳೆಯುತ್ತಿದ್ದೆವು. ಆಸ್ಪತ್ರೆಯಲ್ಲಿ ಒಂದು ಗಂಟನ್ನು ಕತ್ತರಿಸಿ ಪರೀಕ್ಷೆ ಮಾಡಿ ಕ್ಯಾನ್ಸರ್ ಅಂದರು. ಮಳೆಗಾಲ ಮುಗಿಯುವ ಮೊದಲೇ ನನ್ನವರು ಹೋದರು. ತೋಟದಲ್ಲೇ ಮಣ್ಣು ಮಾಡಿದೆವು.

ಅತ್ತೆ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದರು. "ನನ್ ಮಗನ ಮೈ ಪೂರ್ತಿ ಮಣ್ಣಿಗೆ ಓಗಿಲ್ಲ ಕಣೇ. ಆ ಗಂಟು ಇಸ್ಕೊಂಡ್ ಬಾ. ಮೂರನೇ ದಿನ ಆಲು ಎರೆಯೋವಾಗ ಅದ್ನೂ ಊಳಾನ."

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಪರೀಕ್ಷೆ ಮಾಡುವ ಡಾಕ್ಟರು ಡ್ರಾಯರು ಎಳೆದು, ಸಾಲಾಗಿ ಜೋಡಿಸಿದ್ದ ಮೇಣದ ಬಿಲ್ಲೆಗಳಲ್ಲಿ ಒಂದನ್ನು ತೋರಿಸಿದರು. ಒಳಗೆ, ಕೆಡದ ಹಾಗೆ ಮೇಣದಲ್ಲಿ ಕೂರಿಸಿದ ನನ್ನ ಗಂಡನ ಗಂಟಿನ ಕಡಲೆಬೇಳೆಯಷ್ಟು ಬಿಳಿ ಚೂರು ಇತ್ತು.

"ಕೊಡಿ ಸ್ವಾಮಿ, ಮಣ್ಣಿಗೆ ಆಕ್ಬೇಕು."

"ಬೇಕೇ ಬೇಕು ಅಂದ್ರೆ ಕೊಡ್ತೀನಮ್ಮ. ಆದ್ರೆ ಈ ಕಾಯಿಲೆ ಯಾಕೆ ಬರುತ್ತೆ ಅಂತ ನಮ್ಗೇ ಗೊತ್ತಿಲ್ಲ. ಇಂಥವನ್ನ ಇಟ್ಕೊಂಡೇ ಕಲೀಬೇಕು."

"ನೀವ್ ಕಲಿತ್ರೆ ಅವ್ರು ಎದ್ ಬತ್ತಾರಾ?"

"ಇಲ್ಲಮ್ಮ."

ನನ್ನ ಗಂಡ ಇರುವವರೆಗೂ ಎಲ್ಲರೂ ವಾಸಿಯಾಗುತ್ತದೆ, ವಾಸಿಯಾಗುತ್ತದೆ ಎನ್ನುತ್ತಲೇ ಇದ್ದರು. ಸುಳ್ಳು ಹೇಳದವರು ಇವರೊಬ್ಬರೇ. ಬಿಲ್ಲೆಯನ್ನು ಅಲ್ಲೇ ಬಿಟ್ಟು ಬಂದೆ.

ಮೂರನೆಯ ದಿನ ಸಮಾಧಿಯ ಹತ್ತಿರ ಅತ್ತೆ ಕೈ ಚಾಚಿದರು. "ಎಲ್ಲೇ ಅದು?"

"ಅಲ್ಲೇ ಐತೆ. ಇಂಥ ಕಾಯಿಲೆ ಬಂದೋರಿಗೆ ಬೇಕಂತೆ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಹಾಲು ಎರೆದು, ಚೊಂಬಿನಲ್ಲಿ ಒಂದು ಗುಟುಕು ಉಳಿಸಿಕೊಂಡರು. "ಇದು ಅಲ್ಲಿರೋದ್ರ ಪಾಲು" ಎಂದು ಮನೆಗೆ ತಂದು ಮೂಲೆಯಲ್ಲಿಟ್ಟರು. ಸಂಜೆಗೆ ಹಾಲು ಒಡೆದಿತ್ತು. ಅವರು ನೋಡುವ ಮೊದಲೇ ನಾನು ಚೆಲ್ಲಿ, ಚೊಂಬು ತೊಳೆದಿಟ್ಟೆ.