ಟ್ರಿವೆಟ್ ಮನೆತನದ ಮಟ್ಟು

ಧಾರವಾಡದ ಸಿದ್ದೇಶ್ವರಿ ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾರಿ ಎಂಬ ಊರಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ರೋಗಿಗಳ ಮನೆಗೇ ಹೋಗಿ ಫಿಸಿಕಲ್ ಥೆರಪಿ ಮಾಡಿಸುವುದು ಅವಳ ಕೆಲಸ. 2022ರ ಬೇಸಿಗೆಯಲ್ಲಿ ಅವಳ ಪಾಲಿಗೆ ಬಂದವರು ಎಂಬತ್ತೆರಡರ ವರ್ಜಿಲ್ ಟ್ರಿವೆಟ್. ಗುಡ್ಡಗಾಡಿನ ಪಿಟೀಲುಗಾರ. ಪಾರ್ಶ್ವವಾಯು ಬಡಿದ ಮೇಲೆ ಮಗಳು ಡಾರ್ಲೀನ್ ತನ್ನ ಮನೆಗೆ ಕರೆತಂದಿದ್ದಳು. ಮಾತು ತೊದಲು, ಎಡಗೈ ಬೆರಳುಗಳು ಹೇಳಿದಂತೆ ಕೇಳುತ್ತಿರಲಿಲ್ಲ.

ಹುಡುಗಿಯಾಗಿದ್ದಾಗ ಆರು ವರ್ಷ ಪಿಟೀಲು ಕಲಿತಿದ್ದ ಸಿದ್ದೇಶ್ವರಿ, ಬೆರಳಿನ ವ್ಯಾಯಾಮದ ರಬ್ಬರ್ ಚೆಂಡು ಬದಿಗಿಟ್ಟು ಅವರ ಕೈಗೆ ಅವರದೇ ಪಿಟೀಲು ಕೊಟ್ಟಳು. ಅವರು ಎತ್ತಿಕೊಂಡದ್ದು 'ಕ್ರೋ ಹಾಲೋ' ಎಂಬ ಹಳೆಯ ಮಟ್ಟು. ಬೆರಳುಗಳು ದಿನದಿನಕ್ಕೆ ಚುರುಕಾದವು. ಆದರೆ ಎರಡನೆಯ ಸಾಲಿನ ಕೊನೆಯಲ್ಲಿ ಪ್ರತಿ ಸಲವೂ ತಾಳದ ಒಂದು ಪೆಟ್ಟು ಹೆಚ್ಚು ಬೀಳುತ್ತಿತ್ತು. ಯೂಟ್ಯೂಬಿನಲ್ಲಿ ಯಾರೂ ಹಾಗೆ ನುಡಿಸಿರಲಿಲ್ಲ. ತಿದ್ದಲು ಹೋದರೆ ಮುದುಕರು ಸಿಡುಕುತ್ತಿದ್ದರು. ಎಣಿಕೆ ತಪ್ಪುತ್ತಿದೆ, ನೆನಪು ಸಡಿಲಾಗಿರಬಹುದು ಎಂದು ಅವಳು ರಿಪೋರ್ಟಿನಲ್ಲಿ ಬರೆದಳು. ಅದನ್ನೋದಿದ ಡಾರ್ಲೀನ್ ಮರೆವಿನವರನ್ನು ನೋಡಿಕೊಳ್ಳುವ ಹೋಮ್ ಒಂದರಲ್ಲಿ ಅಪ್ಪನ ಹೆಸರು ಬರೆಸಿಬಿಟ್ಟಳು.

ಸಿದ್ದೇಶ್ವರಿಗೆ ಇರಿಸುಮುರಿಸು ಶುರುವಾಯಿತು. ಸಂಗತಿ ಕೇಳಿದ ಗಂಡ ದಾನಪ್ಪ ರೊಟ್ಟಿ ಮುರಿಯುತ್ತಲೇ ಅಂದ: "ಒಂದು ಪೆಟ್ಟು ಹೆಚ್ಚಾತಂದ್ರ ತಲಿ ಕೆಟ್ಟದ ಅಂತ ಬರೀತೀಯೇನ? ನಮ್ಮೂರಾಗ ಒಂದೇ ಸೋಬಾನ ಪದಾ ಓಣಿಗೊಂದು ಥರಾ ಹಾಡತಿದ್ದಿಲ್ಲೇನ? ಅವರ ಮನ್ಯಾಗ ಹೆಂಗ ಬಾರಸ್ತಿದ್ರು, ಕೇಳೀಯೇನು?"

ಕೇಳಿರಲಿಲ್ಲ.

ಶನಿವಾರ ಡಾರ್ಲೀನಳನ್ನು ಒಪ್ಪಿಸಿ, ಅಪ್ಪ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಮೂರು ತಾಸು ಡ್ರೈವ್ ಮಾಡಿ ಗುಡ್ಡ ಹತ್ತಿದಳು. ಅಲ್ಲಿ ವರ್ಜಿಲರ ಅಕ್ಕ ಓಪಲ್ ಇದ್ದರು. ಎಂಬತ್ತೇಳರಲ್ಲಿ ಕಣ್ಣು ಮಂಜಾದರೂ ಬ್ಯಾಂಜೋ ಬಿಟ್ಟಿರಲಿಲ್ಲ. ವರ್ಜಿಲರನ್ನು ಜಗಲಿಯಲ್ಲೇ ಕೂರಿಸಿ, ಸಿದ್ದೇಶ್ವರಿ ಒಳಗೆ ಹೋಗಿ ಓಪಲ್‌ರನ್ನು 'ಕ್ರೋ ಹಾಲೋ' ನುಡಿಸಲು ಕೇಳಿಕೊಂಡಳು. ಎರಡನೆಯ ಸಾಲು ಬಂದಾಗ ಬೆರಳಲ್ಲೇ ತಾಳ ಎಣಿಸಿದಳು. ಸಾಲಿನ ಕೊನೆಗೆ ಅದೇ ಪೆಟ್ಟು, ಅದೇ ಜಾಗದಲ್ಲಿ.

"ಅದು ಹೆಚ್ಚಾಗಲಿಲ್ಲವೇ?" ಎಂದಳು.

"ಯಾರಿಗೆ ಹೆಚ್ಚು?" ಓಪಲ್ ನಕ್ಕರು. "ನಮ್ಮಜ್ಜ ಇದನ್ನು ಕಲಿತದ್ದು ಮರ ಕೊಯ್ಯುವ ಮಿಲ್ಲಿನಲ್ಲಿ, ಜೊತೆಗಾರನಾಗಿದ್ದ ಕಪ್ಪು ಜನಾಂಗದ ಪಿಟೀಲುಗಾರನಿಂದ. ಅವನು ಅಲ್ಲೊಂದು ಗಳಿಗೆ ಕಮಾನು ಎಳೆದು ನಿಲ್ಲಿಸುತ್ತಿದ್ದನಂತೆ. ಕುಣಿಯೋದಕ್ಕೆ ತೊಡಕು ಅಂತ ಗುಡ್ಡದಾಚೆಯವರು ಅದನ್ನು ಕತ್ತರಿಸಿದರು. ರೆಕಾರ್ಡ್ ಆಗಿದ್ದು ಅವರದು. ಮೂಲದಲ್ಲಿ ಕಡಲಾಚೆಯಿಂದ ಹಡಗಿನಲ್ಲಿ ಬಂದದ್ದು ಅನ್ನುವವರೂ ಇದ್ದಾರೆ. ನನಗೆ ಮಿಲ್ಲಿನವರೆಗಷ್ಟೇ ಗೊತ್ತು."

ಜಗಲಿಯಿಂದ ವರ್ಜಿಲ್ ಕೂಗಿದರು: "ಕೇಳಿದಿರಾ!"

ಡಾರ್ಲೀನ್ ಅಳುತ್ತ ನಕ್ಕಳು. ಸಿದ್ದೇಶ್ವರಿ ಜಗಲಿಗೆ ಬಂದು ವರ್ಜಿಲರ ಮುಂದೆ ನಿಂತಳು. "ತಪ್ಪು ನನ್ನದು. ರಿಪೋರ್ಟ್ ಇವತ್ತೇ ತಿದ್ದುತ್ತೇನೆ," ಎಂದಳು. ಡಾರ್ಲೀನ್ ಆಗಲೇ ಹೋಮಿಗೆ ಫೋನ್ ಹಚ್ಚಿದ್ದಳು.

ಇಳಿಯುವಾಗ ಪೆಟ್ರೋಲ್ ಬಂಕಿನ ಬಳಿ ನಿಂತು ಮೂವರೂ ಬಿಸಿಬಿಸಿ ಬೇಯಿಸಿದ ಶೇಂಗಾ ತಿಂದರು. ಸಿಪ್ಪೆ ಸುಲಿಯಲು ವರ್ಜಿಲ್ ಯಾರ ನೆರವನ್ನೂ ಕೇಳಲಿಲ್ಲ.